ಅಧಿಕಾರಿಯ ಕುರ್ಚಿ, ಮಂತ್ರಿಯ ಕುರ್ಚಿ

ವಿದ್ಯಾರ್ಥಿಗಳೇ, ನಮ್ಮ ಜಿಲ್ಲೆಯನ್ನು ನಡೆಸುವವರು ಯಾರು ಎಂದು ತರಗತಿಯಲ್ಲಿ ಕೇಳಿದರೆ ನಿಮ್ಮಲ್ಲಿ ಅರ್ಧ ಜನ "ಕಲೆಕ್ಟರ್ ಸಾಹೇಬರು" ಎನ್ನುತ್ತೀರಿ. ಉಳಿದವರು "ಎಂ.ಎಲ್.ಎ. ಸಾಹೇಬರು" ಅಥವಾ "ಮಂತ್ರಿಗಳು" ಎನ್ನುತ್ತೀರಿ. ಮನೆಯಲ್ಲಿ ಹಿರಿಯರನ್ನು ಕೇಳಿದರೂ ಇದೇ ಎರಡು ಉತ್ತರಗಳು ಬರುತ್ತವೆ. ಇಬ್ಬರೂ ಸರಕಾರದವರೇ, ಇಬ್ಬರ ಮುಂದೆಯೂ ಜನ ಕೈಮುಗಿದು ಅರ್ಜಿ ಹಿಡಿದು ನಿಲ್ಲುತ್ತಾರೆ. ಹಾಗಾದರೆ ಇಬ್ಬರಿಗೂ ಇರುವ ವ್ಯತ್ಯಾಸವೇನು? ಒಬ್ಬರ ಕೆಲಸ ಎಲ್ಲಿ ಮುಗಿದು ಇನ್ನೊಬ್ಬರ ಕೆಲಸ ಎಲ್ಲಿ ಆರಂಭವಾಗುತ್ತದೆ? ಇದನ್ನು ತಿಳಿಯದವರು ತಹಸೀಲ ಕಚೇರಿಯ ಕೆಲಸಕ್ಕೆ ಮುಖಂಡರ ಮನೆ ಬಾಗಿಲು ಕಾಯುತ್ತಾರೆ. ಶಾಸಕರು ಕೇಳಬೇಕಾದ ಮಾತನ್ನು ಗುಮಾಸ್ತರ ಮುಂದೆ ಹೇಳಿ ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಇದನ್ನು ಪುಸ್ತಕದ ವ್ಯಾಖ್ಯೆಗಿಂತ ಒಬ್ಬ ಮನುಷ್ಯರ ವೃತ್ತಿಜೀವನದಿಂದ ತಿಳಿಯುವುದು ಸುಲಭ. ಮೊದಲು ಸರಕಾರಿ ಅಧಿಕಾರಿಯಾಗಿದ್ದು, ಆಮೇಲೆ ರಾಜಕಾರಣಕ್ಕೆ ಬಂದು ಮಂತ್ರಿಯಾಗಿ, ಕೊನೆಗೆ ರಾಜ್ಯಪಾಲರಾದವರು ನವಾಬ್ ಮೆಹದಿ ನವಾಜ್ ಜಂಗ್. ಅವರು 1894ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ 1967ರಲ್ಲಿ ನಿಧನರಾದರು. ಅವರು ಕನ್ನಡಿಗರಲ್ಲ, ನಮ್ಮ ತಾಲ್ಲೂಕಿನವರೂ ಅಲ್ಲ. ಆದರೆ ಅವರು ಕೆಲಸ ಮಾಡಿದ ಮೂರು ಸರಕಾರಗಳೂ ಒಂದಾದ ಮೇಲೊಂದು ಜಹೀರಾಬಾದ, ನಾರಾಯಣಖೇಡ ಮತ್ತು ತಾಂಡೂರುಗಳನ್ನು ಆಳಿದವು. ನಮ್ಮ ಅಜ್ಜಂದಿರು ಊರು ಬಿಟ್ಟು ಕದಲದೆ ಕಂಡ ಬದಲಾವಣೆಗಳನ್ನೆಲ್ಲ ಅವರು ಒಳಗೆ ಕುಳಿತು ಕಂಡರು. ಆದ್ದರಿಂದ ಅವರ ಕಥೆಯಲ್ಲಿ ನಮ್ಮ ಕಥೆಯೂ ಇದೆ.

ನಿಜಾಮರ ಕಾಲದ ಅಧಿಕಾರಿ

ಆ ದಿನಗಳಲ್ಲಿ ಜಹೀರಾಬಾದ ಮತ್ತು ನಾರಾಯಣಖೇಡ ಬೀದರ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಎಲ್ಲವೂ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಮಾತನಾಡುವ ಜನರೇ ಬಹುಪಾಲು ಇದ್ದರು. ಕನ್ನಡಿಗರು ನೂರಕ್ಕೆ ಹತ್ತರಷ್ಟಿದ್ದರು. ಆದರೂ 1884ರಿಂದ ಕಚೇರಿಯ ಭಾಷೆ ಉರ್ದು. ಊರಲ್ಲಿ ಮಾಲಿ ಪಾಟೀಲ, ಪೊಲೀಸ್ ಪಾಟೀಲ ಮತ್ತು ಪಟವಾರಿ. ಅವರ ಮೇಲೆ ಗಿರದಾವರ. ಅವನ ಮೇಲೆ ತಹಸೀಲದಾರ. ಜಿಲ್ಲೆಗೆ ಅವ್ವಲ ತಾಲ್ಲೂಕದಾರ. ಅವನ ಮೇಲೆ ಸೂಬೇದಾರ. ಇಂದು ನಾವು ಕಲೆಕ್ಟರ್ ಎನ್ನುವ ಅಧಿಕಾರಿಗೆ ಅಂದಿನ ಹೆಸರು ಅವ್ವಲ ತಾಲ್ಲೂಕದಾರ.

ಈ ಏಣಿಯ ತುದಿಯಲ್ಲಿ ಪ್ರಧಾನಮಂತ್ರಿ ಮತ್ತು ಮಂತ್ರಿಗಳ ಕಾರ್ಯಾಂಗ ಪರಿಷತ್ತು ಇತ್ತು. ಅದು 1919ರಲ್ಲಿ ಸ್ಥಾಪನೆಯಾಯಿತು. ಮಂತ್ರಿಗಳನ್ನು ನಿಜಾಮರೇ ನೇಮಿಸುತ್ತಿದ್ದರು. ಶಾಸನಸಭೆ ಎಂಬ ಹೆಸರಿನ ಒಂದು ಸಭೆಯಿದ್ದರೂ ಮಂತ್ರಿಗಳು ಅದಕ್ಕೆ ಹೊಣೆಗಾರರಾಗಿರಲಿಲ್ಲ. ಪಟವಾರಿ ಗಿರದಾವರನಿಗೆ, ಗಿರದಾವರ ತಹಸೀಲದಾರನಿಗೆ, ಹೀಗೆ ಪ್ರತಿಯೊಬ್ಬರೂ ತಮ್ಮ ಮೇಲಿನವರಿಗೆ ಲೆಕ್ಕ ಒಪ್ಪಿಸುತ್ತಿದ್ದರು. ಎಲ್ಲರ ಮೇಲೆ ನಿಜಾಮರು. ಕೆಳಗಿನ ರೈತನಿಗೆ ಲೆಕ್ಕ ಒಪ್ಪಿಸಬೇಕೆಂಬ ನಿಯಮ ಎಲ್ಲಿಯೂ ಇರಲಿಲ್ಲ. ಒಳ್ಳೆಯ ತಹಸೀಲದಾರ ಬಂದರೆ ತಾಲ್ಲೂಕಿನ ಪುಣ್ಯ; ಕೆಟ್ಟವನು ಬಂದರೆ ವರ್ಗವಾಗುವ ತನಕ ಕಾಯಬೇಕು.

ಇಂಥ ಆಡಳಿತದಲ್ಲಿ ಮೆಹದಿ ನವಾಜ್ ಜಂಗ್ ಮೇಲೇರಿ ಕಾರ್ಯಾಂಗ ಪರಿಷತ್ತಿನ ಕಾರ್ಯದರ್ಶಿಯಾದರು. 'ಜಂಗ್' ಎಂಬುದು ಮನೆತನದ ಹೆಸರಲ್ಲ; ನಿಜಾಮರು ಸೇವೆಗೆ ಮೆಚ್ಚಿ ಕೊಡುತ್ತಿದ್ದ ಬಿರುದು. ಪರಿಷತ್ತಿನ ಕಾರ್ಯದರ್ಶಿ ನಿರ್ಣಯಗಳನ್ನು ಬರೆದಿಡುವವರು, ಇಲಾಖೆಗಳಿಗೆ ತಲುಪಿಸುವವರು. ನಿರ್ಣಯ ಅವರದಲ್ಲ, ಆದರೆ ಯಾವ ಕಾಗದ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂಬುದು ಅವರಷ್ಟು ಮತ್ತಾರಿಗೂ ತಿಳಿದಿರುವುದಿಲ್ಲ. ಅಧಿಕಾರಿಯ ಬಲ ಇರುವುದು ಇಂಥ ತಿಳಿವಿನಲ್ಲಿಯೇ.

ಅಧಿಕಾರಿಯಾಗಿದ್ದಾಗಲೇ ಅವರು ಹೆಸರಾಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಹೈದರಾಬಾದಿನ ಹೊರಗೆ ಬರೀ ಬಂಡೆ ಮತ್ತು ಕುರುಚಲು ಗಿಡಗಳಿದ್ದ ಗುಡ್ಡದಲ್ಲಿ ಅವರು ಮನೆ ಕಟ್ಟಿಸಿದರು. ಆಗ ಅಲ್ಲಿ ಇದ್ದವರು ಲಂಬಾಣಿಗರು. ನಾರಾಯಣಖೇಡದ ಸುತ್ತಲಿನ ತಾಂಡಾಗಳಲ್ಲಿರುವ ನಮ್ಮ ಅನೇಕ ಸಹಪಾಠಿಗಳ ಜನಾಂಗವೇ ಅದು. ಬಂಜಾರರೆಂಬುದು ಅವರ ಇನ್ನೊಂದು ಹೆಸರು. ಆ ಗುಡ್ಡಕ್ಕೆ ಬಂಜಾರಾ ಹಿಲ್ಸ್ ಎಂಬ ಹೆಸರು ನಿಂತಿತು. 1933ರಲ್ಲಿ ಕವಿ ರವೀಂದ್ರನಾಥ ಠಾಕೂರರು ಹೈದರಾಬಾದಿಗೆ ಬಂದಾಗ ಈ ಗುಡ್ಡದ ಮನೆಯಲ್ಲಿ ಅತಿಥಿಯಾಗಿದ್ದರು. ಇಂದು ಬಂಜಾರಾ ಹಿಲ್ಸ್ ಆ ನಗರದ ಅತ್ಯಂತ ಸಿರಿವಂತ ಬಡಾವಣೆಗಳಲ್ಲೊಂದು. ತಾಂಡಾದವರ ಹೆಸರು ಉಳಿದಿದೆ, ತಾಂಡಾದವರು ಉಳಿದಿಲ್ಲ ಎಂಬುದನ್ನೂ ನಾವು ನೆನಪಿಡಬೇಕು.

ಮತವಿಲ್ಲದೆ ಬಂದ ಮುಖ್ಯಮಂತ್ರಿ

1948ರ ಸೆಪ್ಟೆಂಬರ್ ತಿಂಗಳಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ ಭಾರತದಲ್ಲಿ ಸೇರಿತು. ಮೊದಲು ಮೇಜರ್ ಜನರಲ್ ಜೆ. ಎನ್. ಚೌಧರಿಯವರು ಸೈನಿಕ ರಾಜ್ಯಪಾಲರಾಗಿ ಆಡಳಿತ ನಡೆಸಿದರು. 1949ರಲ್ಲಿ ಜಹಗೀರುಗಳು ರದ್ದಾದವು. 1950ರ ಜನವರಿ 26ರಂದು, ನಮ್ಮ ಸಂವಿಧಾನ ಜಾರಿಗೆ ಬಂದ ದಿನವೇ, ಭಾರತ ಸರಕಾರ ಹೈದರಾಬಾದ ರಾಜ್ಯಕ್ಕೆ ಒಬ್ಬ ಮುಖ್ಯಮಂತ್ರಿಯನ್ನು ನೇಮಿಸಿತು. ಅವರೇ ಎಂ. ಕೆ. ವೆಲ್ಲೋಡಿ. ಅವರು ಐ.ಸಿ.ಎಸ್. ಅಧಿಕಾರಿ, ಕೇರಳದವರು. ಯಾವ ಕ್ಷೇತ್ರದಿಂದಲೂ ಆರಿಸಿ ಬಂದವರಲ್ಲ. ಆಗಿನ್ನೂ ಇಲ್ಲಿ ಚುನಾವಣೆಯೇ ನಡೆದಿರಲಿಲ್ಲ.

ವೆಲ್ಲೋಡಿಯವರ ಕಾಲದಲ್ಲಿ ಒಳ್ಳೆಯ ಕೆಲಸಗಳೂ ಆದವು. 1950ರಲ್ಲಿ ಹೈದರಾಬಾದ ಗೇಣಿ ಮತ್ತು ವ್ಯವಸಾಯ ಭೂಮಿಗಳ ಕಾನೂನು ಬಂದು ಗೇಣಿದಾರನಿಗೆ ರಕ್ಷಣೆ ದೊರೆಯಿತು. ಕಾಂಗ್ರೆಸ್ಸಿನ ಕೆಲವು ಮುಖಂಡರನ್ನೂ ಮಂತ್ರಿಗಳಾಗಿ ಸೇರಿಸಿಕೊಳ್ಳಲಾಯಿತು. ವಕೀಲರಾಗಿದ್ದ ಬೂರ್ಗುಲ ರಾಮಕೃಷ್ಣರಾಯರು ಅವರಲ್ಲೊಬ್ಬರು. ಆದರೆ ಜನರ ಮನಸ್ಸಿನಲ್ಲಿ ಒಂದು ಅಸಮಾಧಾನ ಬೆಳೆಯುತ್ತಿತ್ತು. ಹೊರಗಿನ ಪ್ರಾಂತಗಳಿಂದ ಬಂದ ಅಧಿಕಾರಿಗಳು ಕಚೇರಿಗಳಲ್ಲಿ ತುಂಬಿದರು, ಸ್ಥಳೀಯರಿಗೆ ನೌಕರಿ ಸಿಗಲಿಲ್ಲ ಎಂಬುದು ಅದರ ಕಾರಣ. ಸ್ಥಳೀಯರನ್ನು ಇಲ್ಲಿ 'ಮುಲ್ಕಿ' ಎಂದು ಕರೆಯುತ್ತಾರೆ. 1952ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಮುಲ್ಕಿ ಚಳವಳಿ ಎದ್ದು ಹೈದರಾಬಾದಿನಲ್ಲಿ ಗೋಲಿಬಾರೂ ಆಯಿತು. ಆ ಹೊತ್ತಿಗೆ ವೆಲ್ಲೋಡಿಯವರು ಹೋಗಿ ಆರು ತಿಂಗಳಾಗಿತ್ತು. ಉತ್ತರ ಹೇಳಬೇಕಾದವರು ಹೊಸದಾಗಿ ಆರಿಸಿ ಬಂದ ಮಂತ್ರಿಗಳು.

1952ರ ಮಾರ್ಚ್ 6ರಂದು ವೆಲ್ಲೋಡಿಯವರು ಅಧಿಕಾರ ಬಿಟ್ಟುಕೊಟ್ಟರು. ಮುಂದೆ ಅವರು ದೆಹಲಿಯಲ್ಲಿ ಅಧಿಕಾರಿಯಾಗಿಯೇ ಮುಂದುವರಿದು 1957ರಲ್ಲಿ ಭಾರತ ಸರಕಾರದ ಸಂಪುಟ ಕಾರ್ಯದರ್ಶಿಯಾದರು. ಒಂದು ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಪುನಃ ಕಾರ್ಯದರ್ಶಿಯ ಕುರ್ಚಿಗೆ ಹೋದದ್ದು ನಿಮಗೆ ವಿಚಿತ್ರವೆನಿಸಬಹುದು. ಆದರೆ ಅವರು ನಡುವಿನ ಎರಡು ವರ್ಷಗಳಲ್ಲಿಯೂ ಅಧಿಕಾರಿಯೇ ಆಗಿದ್ದರು. ಅವರನ್ನು ಕಳುಹಿಸಿದ್ದು ದೆಹಲಿ, ಹಿಂದಕ್ಕೆ ಕರೆಸಿಕೊಂಡದ್ದೂ ದೆಹಲಿ. ಹೆಸರು ಮುಖ್ಯಮಂತ್ರಿ ಎಂದಿದ್ದ ಮಾತ್ರಕ್ಕೆ ಹೊಣೆ ಬದಲಾಗಲಿಲ್ಲ.

ಅಧಿಕಾರಿ ಮಂತ್ರಿಯಾದದ್ದು

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯಲ್ಲಿ ಹೈದರಾಬಾದ ರಾಜ್ಯದ ವಿಧಾನಸಭೆಗೆ 175 ಸ್ಥಾನಗಳಿದ್ದವು. ಕಾಂಗ್ರೆಸ್ಸು 93 ಸ್ಥಾನಗಳನ್ನು ಗೆದ್ದು ಬೂರ್ಗುಲ ರಾಮಕೃಷ್ಣರಾಯರು 1952ರ ಮಾರ್ಚಿನಲ್ಲಿ ಮುಖ್ಯಮಂತ್ರಿಯಾದರು. ಅವರ ಸಂಪುಟದಲ್ಲಿ ಗುಲಬರ್ಗಾ ಭಾಗದ ಕನ್ನಡಿಗರಾದ ಅಣ್ಣಾರಾವ್ ಗಣಮುಖಿ ಮತ್ತು ಜಗನ್ನಾಥರಾವ್ ಚಂಡ್ರಿಕಿಯವರಿದ್ದರು. ವೈದ್ಯರಾಗಿದ್ದ ಮರ್ರಿ ಚೆನ್ನಾರೆಡ್ಡಿಯವರಿದ್ದರು. ಲೋಕೋಪಯೋಗಿ ಇಲಾಖೆಯ ಮಂತ್ರಿಗಳಾಗಿ ಮೆಹದಿ ನವಾಜ್ ಜಂಗ್ ಇದ್ದರು.

ಅಂದರೆ ನಿಜಾಮರ ಪರಿಷತ್ತಿನ ನಿರ್ಣಯಗಳನ್ನು ಬರೆಯುತ್ತಿದ್ದವರು ಈಗ ಪ್ರಜೆಗಳ ಸಭೆಯಲ್ಲಿ ನಿಂತು ಉತ್ತರ ಕೊಡಬೇಕಾಯಿತು. ರಸ್ತೆ, ಸೇತುವೆ, ಸರಕಾರಿ ಕಟ್ಟಡ ಇವೆಲ್ಲ ಲೋಕೋಪಯೋಗಿ ಇಲಾಖೆಯವು. ಅಧಿಕಾರಿಯಾಗಿದ್ದರೆ ಯಾವ ಸೇತುವೆಗೆ ಎಷ್ಟು ಖರ್ಚು, ಯಾರಿಗೆ ಗುತ್ತಿಗೆ ಎಂಬುದನ್ನು ಮೇಲಿನವರಿಗೆ ಬರೆದು ತಿಳಿಸಿದರೆ ಸಾಕಿತ್ತು. ಮಂತ್ರಿಯಾದ ಮೇಲೆ ಯಾವುದೋ ದೂರದ ತಾಲ್ಲೂಕಿನ ಶಾಸಕರು ಎದ್ದು "ನಮ್ಮ ಹಳ್ಳಕ್ಕೆ ಸೇತುವೆ ಏಕಿಲ್ಲ?" ಎಂದು ಕೇಳಬಹುದು. ಮಂತ್ರಿಗಳು ಎಲ್ಲರೆದುರು ಉತ್ತರ ಕೊಡಲೇಬೇಕು. ಉತ್ತರ ಜನಕ್ಕೆ ಒಪ್ಪಿಗೆಯಾಗದಿದ್ದರೆ ಐದು ವರ್ಷಗಳ ನಂತರ ಮತಪೆಟ್ಟಿಗೆ ಮಾತನಾಡುತ್ತದೆ.

ಹಾಗೆಂದು ಹಳೆಯ ಅನುಭವ ವ್ಯರ್ಥವಾಗುವುದಿಲ್ಲ. ಕಡತ ಹೇಗೆ ಸಾಗುತ್ತದೆಂದು ತಿಳಿದ ಮಂತ್ರಿಯನ್ನು ಕಚೇರಿಯವರು "ನಿಯಮವಿಲ್ಲ ಸ್ವಾಮಿ" ಎಂದು ಸುಲಭವಾಗಿ ತಿರುಗಿಸಿ ಕಳುಹಿಸಲಾರರು. ಮೆಹದಿ ನವಾಜ್ ಜಂಗರ ಜೀವನದಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಎಂದರೆ ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆ. ಅವರು ಮಂತ್ರಿಯಾಗಿದ್ದಾಗ, 1955ರಲ್ಲಿ, ಅವರ ಮುಂದಾಳುತನದಲ್ಲಿ ಅದು ಸ್ಥಾಪನೆಯಾಯಿತು. ರೆಡ್ ಹಿಲ್ಸ್ ಬಡಾವಣೆಯಲ್ಲಿರುವ ಆ ಸರಕಾರಿ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ, ಎಂ.ಎನ್.ಜೆ. ಆಸ್ಪತ್ರೆ ಎಂದರೆ ನಮ್ಮ ಭಾಗದ ಜನಕ್ಕೂ ಗೊತ್ತು. ಆ ಮೂರು ಅಕ್ಷರಗಳು ಯಾರ ಹೆಸರೆಂದು ಮಾತ್ರ ಬಹಳ ಜನರಿಗೆ ತಿಳಿಯದು. ಜಹೀರಾಬಾದ, ಬೀದರ, ತಾಂಡೂರುಗಳ ಬಡವರಿಗೆ ಬೆಂಗಳೂರಿಗಿಂತ ಹೈದರಾಬಾದು ಬಹು ಹತ್ತಿರ. ರೋಗಕ್ಕೆ ರಾಜ್ಯದ ಗಡಿ ಇಲ್ಲವಷ್ಟೆ.

ಗಡಿ ಬದಲಾದ ವರ್ಷ

ಈಗ ನಮ್ಮ ತಾಲ್ಲೂಕುಗಳ ಕಥೆಗೆ ಬರೋಣ. ಭಾಷೆಗಳ ಆಧಾರದ ಮೇಲೆ ರಾಜ್ಯಗಳನ್ನು ಪುನಃ ರಚಿಸಲು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ನೇಮಕವಾಗಿ 1955ರಲ್ಲಿ ವರದಿ ಕೊಟ್ಟಿತು. ತೆಲಂಗಾಣದ ಜಿಲ್ಲೆಗಳ ಜೊತೆಗೆ ಬೀದರ ಜಿಲ್ಲೆಯನ್ನೂ ಸೇರಿಸಿ ಹೈದರಾಬಾದ ಎಂಬ ಬೇರೆ ರಾಜ್ಯವನ್ನು ಉಳಿಸಬೇಕೆಂಬುದು ಆ ವರದಿಯ ಸಲಹೆ. ಆದರೆ ಸಂಸತ್ತು 1956ರಲ್ಲಿ ಮಾಡಿದ ಕಾನೂನು ಬೇರೆಯಾಯಿತು. ಬೀದರ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ನಾರಾಯಣಖೇಡ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ಹಾಗೂ ನಿರ್ಣಾ ಸರ್ಕಲನ್ನು ಬಿಟ್ಟು ಉಳಿದ ಜಹೀರಾಬಾದ ತಾಲ್ಲೂಕು ಆಂಧ್ರಪ್ರದೇಶದ ಮೆದಕ ಜಿಲ್ಲೆಗೆ ಸೇರಿದವು. ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ತಾಲ್ಲೂಕು ಹೈದರಾಬಾದ ಜಿಲ್ಲೆಗೂ, ಕೊಡಂಗಲ್ ತಾಲ್ಲೂಕು ಮಹಬೂಬನಗರ ಜಿಲ್ಲೆಗೂ ಸೇರಿದವು. ಇದೆಲ್ಲ 1956ರ ನವೆಂಬರ್ 1ರಂದು ಜಾರಿಗೆ ಬಂತು.

ಒಂದು ಸರ್ಕಲ್ ಆಚೆಗೆ, ಒಂದು ಸರ್ಕಲ್ ಈಚೆಗೆ! ನಿರ್ಣಾದವರು ಮೈಸೂರು ರಾಜ್ಯದವರಾದರು, ನ್ಯಾಲಕಲ್ಲಿನವರು ಆಂಧ್ರದವರಾದರು. ಹೊಲ, ಬಾವಿ, ಬೀಗರ ಮನೆ, ಜಾತ್ರೆ ಎಲ್ಲ ಇದ್ದಲ್ಲಿಯೇ ಇದ್ದವು. ಬದಲಾದದ್ದು ಕಚೇರಿ. ಜಹೀರಾಬಾದದಿಂದ ಬೀದರಿಗೆ ಹೆಚ್ಚು ಕಡಿಮೆ 30 ಕಿಲೋಮೀಟರು. ಆದರೆ ಜಿಲ್ಲೆಯ ಕೆಲಸಕ್ಕೆ ಹೋಗಬೇಕಾದ ದಾರಿ ಪೂರ್ವಕ್ಕೆ ತಿರುಗಿತು. ಉರ್ದುವಿನ ಜಾಗಕ್ಕೆ ಕ್ರಮೇಣ ತೆಲುಗು ಬಂದಿತು. ಮನೆಯಲ್ಲಿ ಕನ್ನಡ ಆಡುವ ರೈತನಿಗೆ ಪಹಣಿ, ನೋಟೀಸು, ತೀರ್ಪು ಎಲ್ಲವೂ ಮತ್ತೊಮ್ಮೆ ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ಕಾಗದಗಳಾದವು.

ಮೆಹದಿ ನವಾಜ್ ಜಂಗರು ಈ ಹೊಸ ಆಂಧ್ರಪ್ರದೇಶದ ಸಂಪುಟದಲ್ಲಿಯೂ ಮಂತ್ರಿಯಾದರು. 1960ರ ಮೇ 1ರಂದು ಮುಂಬಯಿ ರಾಜ್ಯ ಒಡೆದು ಗುಜರಾತ ಹುಟ್ಟಿದಾಗ ಅದರ ಪ್ರಥಮ ರಾಜ್ಯಪಾಲರಾಗಿ ನೇಮಕಗೊಂಡು 1965ರ ತನಕ ಅಲ್ಲಿದ್ದರು. ಹೀಗೆ ಒಂದೇ ಜೀವನದಲ್ಲಿ ಅವರು ಮೊದಲು ನೇಮಕದಿಂದ ಅಧಿಕಾರಿ, ಬಳಿಕ ಪ್ರಜಾಪ್ರತಿನಿಧಿ, ಕೊನೆಗೆ ಪುನಃ ನೇಮಕದಿಂದ ರಾಜ್ಯಪಾಲರು. ರಾಜ್ಯಪಾಲರು ರಾಜ್ಯದ ಅತ್ಯುಚ್ಚ ಪದವಿಯಲ್ಲಿದ್ದರೂ ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಪದವಿಯ ಎತ್ತರ ಬೇರೆ, ಅಧಿಕಾರದ ಹೊಣೆ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡು ಕುರ್ಚಿಗಳ ನಡುವಿನ ಗೋಡೆ

ಅಧಿಕಾರಿಯಾಗಿದ್ದುಕೊಂಡೇ ರಾಜಕಾರಣ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಬಾರದು. ಸರಕಾರದಿಂದ ಸಂಬಳ ಬರುವ ಲಾಭದ ಹುದ್ದೆಯಲ್ಲಿರುವವರು ಶಾಸಕರಾಗಲು ಅರ್ಹರಲ್ಲವೆಂದು ಸಂವಿಧಾನದ 191ನೆಯ ವಿಧಿ ಹೇಳುತ್ತದೆ. ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳ ಪ್ರಕಾರ ಐ.ಎ.ಎಸ್. ಅಧಿಕಾರಿಗಳು ಯಾವ ಪಕ್ಷಕ್ಕೂ ಸೇರಬಾರದು, ಪ್ರಚಾರ ಮಾಡಬಾರದು. ಮತ ಹಾಕಬಹುದು, ಆದರೆ ಯಾರಿಗೆ ಎಂಬುದನ್ನು ಸೂಚಿಸಲೂ ಬಾರದು. ಕಾರಣ ಸರಳವಾಗಿದೆ. ಪಡಿತರ ಚೀಟಿ, ಪಿಂಚಣಿ, ಭೂಮಿಯ ದಾಖಲೆ ಕೊಡುವ ಕೈ ಒಂದು ಪಕ್ಷದ್ದಾದರೆ ಬೇರೆ ಪಕ್ಷಕ್ಕೆ ಮತ ಹಾಕಿದವನು ಎಲ್ಲಿಗೆ ಹೋಗಬೇಕು? ಚುನಾವಣೆ ನಡೆಸುವವರೂ ಕಲೆಕ್ಟರರೇ. ಆಟದ ಅಂಪೈರು ಒಂದು ತಂಡದ ಪರವಾಗಿ ಬ್ಯಾಟು ಹಿಡಿಯಲಾಗದು.

ಆದರೆ ರಾಜೀನಾಮೆ ಕೊಟ್ಟು ಅಥವಾ ನಿವೃತ್ತರಾಗಿ ಬರಲು ಯಾವ ಅಡ್ಡಿಯೂ ಇಲ್ಲ. ನಮ್ಮ ಸುತ್ತಲೇ ಹಲವು ಉದಾಹರಣೆಗಳಿವೆ. ಜಯಪ್ರಕಾಶ ನಾರಾಯಣ ಅವರು 1996ರಲ್ಲಿ ಐ.ಎ.ಎಸ್. ಬಿಟ್ಟು ಲೋಕಸತ್ತಾ ಸಂಸ್ಥೆ ಕಟ್ಟಿ, 2009ರಲ್ಲಿ ಹೈದರಾಬಾದಿನ ಕೂಕಟಪಲ್ಲಿ ಕ್ಷೇತ್ರದಿಂದ ಶಾಸಕರಾದರು. ಸಿದ್ದಿಪೇಟೆಯ ಕಲೆಕ್ಟರ್ ಆಗಿದ್ದ ಪಿ. ವೆಂಕಟರಾಮಿ ರೆಡ್ಡಿಯವರು 2021ರಲ್ಲಿ ರಾಜೀನಾಮೆ ಕೊಟ್ಟು ವಿಧಾನ ಪರಿಷತ್ತಿನ ಸದಸ್ಯರಾದರು. 2024ರಲ್ಲಿ ಮೆದಕ ಲೋಕಸಭಾ ಕ್ಷೇತ್ರದಲ್ಲಿ ನಿಂತು ಸೋತರು. ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿ 2018ರಲ್ಲಿ ನಿವೃತ್ತರಾದ ಕೆ. ರತ್ನಪ್ರಭಾ ಅವರು 2021ರಲ್ಲಿ ತಿರುಪತಿ ಲೋಕಸಭಾ ಉಪಚುನಾವಣೆಯಲ್ಲಿ ಸ್ಪರ್ಧಿಸಿದರು, ಗೆಲ್ಲಲಿಲ್ಲ. ಕಚೇರಿಯಲ್ಲಿ ಗಳಿಸಿದ ಕೀರ್ತಿ ಮತಗಳಾಗಿಯೇ ತೀರುತ್ತದೆಂಬ ಭರವಸೆ ಇಲ್ಲ. ಪರೀಕ್ಷೆ ಪಾಸು ಮಾಡುವುದು ಒಂದು ವಿದ್ಯೆ, ಜನರ ವಿಶ್ವಾಸ ಪಡೆಯುವುದು ಬೇರೊಂದು ವಿದ್ಯೆ.

ಬೇರೆ ದೇಶಗಳಲ್ಲಿ ಹೇಗಿದೆ? ಇಂಡೋನೇಷ್ಯಾ ದೇಶವನ್ನು ನೋಡಿ. ಅಲ್ಲಿ ಜಿಲ್ಲೆಗೆ 'ಕಬುಪಾಟೆನ್' ಎಂದೂ ಅದರ ಮುಖ್ಯಸ್ಥರಿಗೆ 'ಬುಪಾಟಿ' ಎಂದೂ ಹೆಸರು. ಇದು ನಮ್ಮ ಸಂಸ್ಕೃತದ 'ಭೂಪತಿ' ಶಬ್ದವೇ. ಕಡಲು ದಾಟಿ ಹೋಗಿ ಅಲ್ಲಿ ನೆಲೆಸಿದೆ. ಡಚ್ಚರ ಆಳ್ವಿಕೆಯಲ್ಲಿ ಬುಪಾಟಿ ಒಬ್ಬ ಅಧಿಕಾರಿ. ಸುಹಾರ್ತೋ ಅವರ ಕಾಲದಲ್ಲಿಯೂ ಮೇಲಿನವರ ಇಚ್ಛೆಯಂತೆ ಬರುವವರು. ಅನೇಕರು ಸೈನ್ಯದವರು ಅಥವಾ ಸರಕಾರಿ ನೌಕರರು. 1998ರಲ್ಲಿ ಸುಹಾರ್ತೋ ಕೆಳಗಿಳಿದ ಮೇಲೆ ಜಿಲ್ಲೆಗಳಿಗೆ ಹೆಚ್ಚಿನ ಅಧಿಕಾರ ಬಂದು, 2005ರಿಂದ ಬುಪಾಟಿಗಳನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಂದರೆ ನಮ್ಮಲ್ಲಿ ಕಲೆಕ್ಟರ್ ಮಾಡುವ ಅನೇಕ ಕೆಲಸಗಳನ್ನು ಅಲ್ಲಿ ಮತ ಪಡೆದು ಬಂದವರು ಮಾಡುತ್ತಾರೆ. ಆದುದರಿಂದ ಅಲ್ಲಿ ಬಹಳ ಸರಕಾರಿ ನೌಕರರು ರಾಜಕಾರಣಿಗಳಾಗುತ್ತಾರೆ. ಉಮೇದುವಾರರಾಗುವಾಗ ನೌಕರಿಗೆ ರಾಜೀನಾಮೆ ಕೊಡಬೇಕೆಂಬ ಕಾನೂನು ಅಲ್ಲಿಯೂ ಇದೆ. ದೇಶ ಯಾವುದಾದರೂ ಆ ಗೋಡೆ ಬೇಕೆಂದಾಯಿತು.

ಅಧಿಕಾರಿಗೆ ನಿಯಮದ ಹಗ್ಗವಿದೆ, ರಾಜಕಾರಣಿಗೆ ಮಾತ್ರ ಏನೂ ಇಲ್ಲ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ; ತಾಂಡೂರಿನ ಇತಿಹಾಸವೇ ಇದಕ್ಕೆ ಉತ್ತರ. ಮರ್ರಿ ಚೆನ್ನಾರೆಡ್ಡಿಯವರು 1967ರಲ್ಲಿ ತಾಂಡೂರು ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಬಂದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಎದುರಾಳಿ ವಂದೇಮಾತರಂ ರಾಮಚಂದ್ರರಾಯರು ನ್ಯಾಯಾಲಯಕ್ಕೆ ಹೋದರು. ಚುನಾವಣಾ ಕಾನೂನನ್ನು ಮೀರಿದ ಕಾರಣಕ್ಕಾಗಿ 1968ರಲ್ಲಿ ಹೈಕೋರ್ಟು ಆ ಆಯ್ಕೆಯನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅವರು ಕೇಂದ್ರ ಮಂತ್ರಿ ಪದವಿ ಬಿಡಬೇಕಾಯಿತು. ಮುಂದೆ ಅದೇ ಚೆನ್ನಾರೆಡ್ಡಿಯವರು ಎರಡು ಬಾರಿ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ತಪ್ಪಿಗೆ ಶಿಕ್ಷೆ ವಿಧಿಸುವುದು ಕಾನೂನು, ಪುನಃ ಅವಕಾಶ ಕೊಡುವುದು ಜನ. ಎರಡಕ್ಕೂ ಪ್ರಜಾಪ್ರಭುತ್ವದಲ್ಲಿ ಜಾಗವಿದೆ.

ನಮಗಿರುವ ಬಾಗಿಲುಗಳು

ಮೇಲೆ ಹೇಳಿದ್ದರಲ್ಲಿ ಗಡಿಯ ಕನ್ನಡಿಗರಾದ ನಮಗೆ ಏನು ಪ್ರಯೋಜನ? ನಮ್ಮ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ 1956ರ ನವೆಂಬರ್ 1ರಂದೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದರಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿ ಎರಡು ಹೊಸ ವಿಧಿಗಳಿದ್ದವು. 350-ಎ ವಿಧಿಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ಕೊಡಲು ಪ್ರತಿಯೊಂದು ರಾಜ್ಯವೂ ಸಾಕಷ್ಟು ಅನುಕೂಲ ಕಲ್ಪಿಸಲು ಯತ್ನಿಸಬೇಕು. 350-ಬಿ ವಿಧಿಯ ಪ್ರಕಾರ ಅವರ ರಕ್ಷಣೆಗಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅವರ ವರದಿ ಸಂಸತ್ತಿನ ಮುಂದೆ ಬರುತ್ತದೆ. ಇದಕ್ಕೂ ಮೊದಲಿನಿಂದಲೇ ಇರುವ 350ನೆಯ ವಿಧಿಯಂತೆ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ನಮ್ಮ ಕುಂದುಕೊರತೆಯ ಅರ್ಜಿಯನ್ನು ಯಾವುದೇ ಅಧಿಕಾರಿಗೆ ಕೊಡುವ ಹಕ್ಕು ನಮಗಿದೆ.

ಈ ವಿಧಿಗಳ ರಚನೆಯನ್ನು ಗಮನಿಸಿ. ಮಾತೃಭಾಷೆಯ ಶಾಲೆ ತೆರೆಯುವುದು ರಾಜ್ಯದ ಹೊಣೆ. ಅಂದರೆ ಮಂತ್ರಿಗಳು, ಶಾಸಕರು ತೀರ್ಮಾನ ಮಾಡಬೇಕು. ಆ ತೀರ್ಮಾನ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡಿ ಬರೆಯುವುದು ಅಧಿಕಾರಿಯ ಹೊಣೆ. ಕನ್ನಡ ಶಿಕ್ಷಕರ ಹುದ್ದೆ ಮಂಜೂರಾಗದಿದ್ದರೆ ಅದು ಶಾಸಕರನ್ನು ಕೇಳುವ ಮಾತು. ಮಂಜೂರಾದ ಹುದ್ದೆ ತುಂಬದಿದ್ದರೆ, ಪಠ್ಯಪುಸ್ತಕ ಸಮಯಕ್ಕೆ ಬಾರದಿದ್ದರೆ ಅದು ಮೊದಲು ಶಿಕ್ಷಣಾಧಿಕಾರಿಗಳನ್ನು ಕೇಳುವ ಮಾತು. ಪಾಲಕರು ಈ ಎರಡನ್ನು ಬೇರೆ ಬೇರೆಯಾಗಿ, ಬರವಣಿಗೆಯಲ್ಲಿ, ದಿನಾಂಕ ಹಾಕಿ ಕೇಳಿದರೆ ಅರ್ಧ ಕೆಲಸ ಆದಂತೆಯೇ. ಬಾಯಿಮಾತಿನ ಬೇಡಿಕೆ ಗಾಳಿಗೆ ಹೋಗುತ್ತದೆ. ಬರೆದ ಅರ್ಜಿ ಕಡತದಲ್ಲಿ ಕೂಡುತ್ತದೆ.

ಕಾಲ ಸರಿದಂತೆ ಕಚೇರಿಗಳ ಹೆಸರೂ ಬದಲಾಗಿವೆ. 1984ರಲ್ಲಿ ವಂಶಪಾರಂಪರ್ಯದ ಪಟೇಲ-ಪಟವಾರಿ ಪದ್ಧತಿ ರದ್ದಾಯಿತು; 1985ರಲ್ಲಿ ತಾಲ್ಲೂಕುಗಳು ಒಡೆದು ಮಂಡಲಗಳಾದವು. ಇವೆರಡೂ ಆರ್ಥಾತ್ ಚುನಾಯಿತ ಸರಕಾರ ಅಧಿಕಾರಿಗಳ ಏಣಿಯನ್ನೇ ಬದಲಿಸಿದ ಪ್ರಸಂಗಗಳು. 2009ರಿಂದ ಜಹೀರಾಬಾದ ಹೆಸರಿನ ಲೋಕಸಭಾ ಕ್ಷೇತ್ರವೇ ಇದೆ, ನಾರಾಯಣಖೇಡ ಅದರೊಳಗಿದೆ. 2014ರಲ್ಲಿ ತೆಲಂಗಾಣ ರಾಜ್ಯ ಬಂದಿತು. 2016ರ ಅಕ್ಟೋಬರಿನಲ್ಲಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ, ತಾಂಡೂರು ವಿಕಾರಾಬಾದ ಜಿಲ್ಲೆಗೂ ಸೇರಿದವು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ನಮ್ಮ ಊರುಗಳು ನಾಲ್ಕು ರಾಜ್ಯಗಳ ಮುದ್ರೆ ಕಂಡಿವೆ: ನಿಜಾಮರದು, ಹೈದರಾಬಾದ ರಾಜ್ಯದ್ದು, ಆಂಧ್ರಪ್ರದೇಶದ್ದು, ತೆಲಂಗಾಣದ್ದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಸರಕಾರಿ ಸೇವೆಗೆ ಹೋಗುವಿರಿ. ಕೆಲವರು ಗ್ರಾಮ ಪಂಚಾಯತಿಗೋ ವಿಧಾನಸಭೆಗೋ ನಿಲ್ಲುವಿರಿ. ಅಧಿಕಾರಿಯಾಗುವವರು ತೆಲುಗನ್ನು ಚೆನ್ನಾಗಿ ಕಲಿಯಿರಿ, ಉರ್ದು ತಿಳಿಯಿರಿ, ಕನ್ನಡವನ್ನು ಬಿಡಬೇಡಿ. ಗಡಿಯ ಊರಿನ ಮುದುಕಿಯೊಬ್ಬಳು ಕನ್ನಡದಲ್ಲಿ ಕಷ್ಟ ಹೇಳಿಕೊಂಡಾಗ ನಡುವೆ ದುಭಾಷಿ ಇಲ್ಲದೆ ಕೇಳಬಲ್ಲ ತಹಸೀಲದಾರರು ಅಪರೂಪ. ರಾಜಕಾರಣಕ್ಕೆ ಹೋಗುವವರು ಕಾನೂನು ಮತ್ತು ಕಡತಗಳನ್ನು ಓದುವ ತಾಳ್ಮೆ ಬೆಳೆಸಿಕೊಳ್ಳಿ. ಮೆಹದಿ ನವಾಜ್ ಜಂಗರಿಗೆ ಅದು ಮೊದಲೇ ಇತ್ತು, ಉಳಿದವರು ಕಷ್ಟಪಟ್ಟು ಗಳಿಸಬೇಕು. ಇನ್ನು ಎರಡೂ ಕುರ್ಚಿಗಳಿಗೆ ಹೋಗದೆ ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ದುಡಿಯುವವರೇ ಹೆಚ್ಚಿನವರು. ಆ ಕುರ್ಚಿಗಳು ಇರುವುದು ಅವರಿಗಾಗಿ. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕೆಂಬುದನ್ನು ಅವರು ತಿಳಿದಿದ್ದರೆ ಎರಡೂ ಕುರ್ಚಿಗಳಲ್ಲಿ ಕುಳಿತವರು ಎಚ್ಚರವಾಗಿರುತ್ತಾರೆ.